ದಿನಕ್ಕೊಂದು ಸುತ್ತು

ದೇಶದಲ್ಲಿ ಇರುವುದು ಒಂದೇ ಮನರಂಜನಾ ಉದ್ಯಾನ. ಆದ್ದರಿಂದ ಅದು ದೇಶದ ಅತ್ಯುತ್ತಮ ಮನರಂಜನಾ ಉದ್ಯಾನ. ಅದೇ ಲೆಕ್ಕದಲ್ಲಿ ಅತಿ ಕಳಪೆಯೂ ಹೌದು. ಫಲಕದಲ್ಲಿ ಜಾಗ ಸಾಲದೆ ಮೊದಲನೆಯದನ್ನಷ್ಟೇ ಬರೆಸಲಾಗಿದೆ.

ನಾನು ಅಲ್ಲಿ ಮಾಪನ ಸಹಾಯಕ. ಭೌತಶಾಸ್ತ್ರದಲ್ಲಿ ಪದವಿ. ಜನ ಎಷ್ಟು ಹೊತ್ತು ಸಾಲಿನಲ್ಲಿ ನಿಂತರು, ಎಷ್ಟು ಹೊತ್ತು ಆಡಿದರು ಎಂದು ಸ್ಟಾಪ್‌ವಾಚ್ ಹಿಡಿದು ಅಳೆಯುವುದು ನನ್ನ ಕೆಲಸ. ಆಟಗಳು ಒಂದೊಂದಾಗಿ ಕೆಟ್ಟಂತೆ ಎರಡನೆಯ ಅಂಕಣ ಖಾಲಿಯಾಗುತ್ತ ಬಂತು. ನೀರಿನ ಜಾರುಬಂಡೆಯ ಮೇಲೆ ಕಾವಲುಗಾರರು ಸಮವಸ್ತ್ರ ಒಣಹಾಕುತ್ತಾರೆ. ದೆವ್ವದ ಮನೆಯಲ್ಲಿ ಹಳೆಯ ಕಡತಗಳಿವೆ. ಉಳಿದಿದ್ದುದು ದೊಡ್ಡ ಚಕ್ರ ಒಂದೇ. ಒಂದು ಮಂಗಳವಾರ ಹನ್ನೊಂದೂ ಇಪ್ಪತ್ತಕ್ಕೆ ಅದೂ ನಿಂತಿತು.

ಬೇರಿಂಗ್ ಸವೆದಿದೆ ಎಂದು ಫಿಟ್ಟರಣ್ಣ ಶಬ್ದ ಕೇಳಿಯೇ ಹೇಳಿದ. ಹತ್ತೊಂಬತ್ತು ವರ್ಷ ಅದಕ್ಕೆ ಗ್ರೀಸ್ ಹಚ್ಚಿದವನು. ಚಕ್ರ ತೊಂಬತ್ತು ದಿನ ತಿರುಗದಿದ್ದರೆ ಫಿಟ್ಟರ್ ಹುದ್ದೆ ರದ್ದಾಗತಕ್ಕದ್ದು ಎಂಬ ನಿಯಮವಿದೆ. ಹುದ್ದೆ ಹೋದರೆ ಉದ್ಯಾನದ ಹಿಂದಿನ ಎರಡು ಕೋಣೆಯ ಮನೆಯೂ ಹೋಗುತ್ತದೆ. ಆ ಮನೆಯಲ್ಲಿ ಅವನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಅತ್ತೆ ಇದ್ದಾರೆ.

"ಬೇರಿಂಗ್ ಬೇಕು ಸಾರ್. ಒಂದೇ ಒಂದು," ಎಂದು ಮ್ಯಾನೇಜರ ಮುಂದೆ ನಿಂತ.

ಮ್ಯಾನೇಜರು ನಿಯಮಪುಸ್ತಕ ತೆರೆದು ಓದಿದರು: "'ಸ್ಪರ್ಧೆಯನ್ನು ಎದುರಿಸಲು ಮಾತ್ರ ಹೂಡಿಕೆ ಮಾಡತಕ್ಕದ್ದು. ಸ್ಪರ್ಧೆ ಇಲ್ಲದ ಕಡೆ ಮಾಡಿದ ಹೂಡಿಕೆಯನ್ನು ದುಂದುವೆಚ್ಚ ಎಂದು ಭಾವಿಸತಕ್ಕದ್ದು.' ನಮಗೆ ಸ್ಪರ್ಧೆ ಯಾರಿದ್ದಾರೆ ಹೇಳಪ್ಪ?"

"ಯಾರೂ ಇಲ್ಲ ಸಾರ್."

"ಚಕ್ರ ನಿಂತ್ರೆ ಜನ ಎಲ್ಲಿಗೆ ಹೋಗ್ತಾರೆ?"

"ಮನೆಗೆ ಹೋಗ್ತಾರೆ."

"ಅವರ ಮನೇಲಿ ಚಕ್ರ ಇದೆಯಾ?"

"ಇಲ್ಲ."

"ಹಾಗಾದ್ರೆ ಈಗ್ಲೂ ನಾವೇ ಮುಂದೆ."

ಫಿಟ್ಟರಣ್ಣ ಹೊರಬಂದು ಟಿಕೆಟ್ ಕಿಟಕಿಯ ಕಟ್ಟೆ ಮೇಲೆ ಕುಸಿದ. ಟಿಕೆಟ್ ಕೊಡುವ ಅಕ್ಕ ಎಲ್ಲ ಕೇಳಿಸಿಕೊಂಡಳು.

"ಅಯ್ಯೋ ಪೆದ್ದೇ, ಸ್ಪರ್ಧೆ ಇಲ್ಲ ಅಂದ್ರೆ ನೀನೇ ಸ್ಪರ್ಧೆ ಆಗು. ರಜೆ ಎಷ್ಟು ಉಳಿದಿದೆ?"

"ನೂರಾ ಹನ್ನೆರಡು ದಿನ. ತಗೊಂಡೇ ಇಲ್ಲ."

"ಎದುರುಗಡೆ ಜಾಗ ಖಾಲಿ ಇದೆ. ಗುಜರಿ ಅಂಗಡಿಯೋನು ನಿನ್ನ ಭಾಮೈದ. ಇನ್ನೇನು ನಾನೇ ಬಂದು ತಳ್ಳಬೇಕಾ?"

ಎರಡು ವಾರದಲ್ಲಿ ರಸ್ತೆಯಾಚೆ ಪ್ರತಿಸ್ಪರ್ಧಿ ಉದ್ಯಾನ ಎದ್ದಿತು. ಅಡ್ಡ ಮಲಗಿಸಿದ ಒಂದು ಲಾರಿ ಚಕ್ರ, ಅದಕ್ಕೆ ಬಿಗಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಫಿಟ್ಟರಣ್ಣನೂ ಭಾಮೈದನೂ ಕೈಯಿಂದ ತಳ್ಳುತ್ತಿದ್ದರು. ಅದು ತಿರುಗುತ್ತಿತ್ತು. ದೇಶದಲ್ಲಿ ತಿರುಗುವ ಆಟ ಬೇರೆ ಇರಲಿಲ್ಲವಾದ್ದರಿಂದ ಜನ ಮುಗಿಬಿದ್ದರು. ನಾನು ಅಳೆದ ಪ್ರಕಾರ ಒಂದು ಭಾನುವಾರ ನಮ್ಮ ಸಾಲಿನಲ್ಲಿ ಮೂವರಿದ್ದರು. ಅವರಲ್ಲಿ ಇಬ್ಬರು, ನಾಲ್ಕು ಕುರ್ಚಿಯ ಉದ್ಯಾನಕ್ಕೆ ದಾರಿ ಕೇಳಲು ಬಂದವರು.

ನನ್ನ ವರದಿ ತಲುಪಿದ ಕೂಡಲೇ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು: "ನಮ್ಮ ಕ್ಷೇತ್ರದಲ್ಲಿ ಕಡೆಗೂ ಸ್ಪರ್ಧೆ ಉಂಟಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ಸದರಿ ಸ್ಪರ್ಧೆಯನ್ನು ಸ್ವಾಗತಿಸಿ, ಕೂಡಲೇ ನಿವಾರಿಸತಕ್ಕದ್ದು." ಜೊತೆಗೆ ಒಂದು ಬೇರಿಂಗಿನ ಬೆಲೆಯೂ ಮಂಜೂರಾಗಿತ್ತು.

ಮ್ಯಾನೇಜರು ಆ ಹಣದಲ್ಲಿ ನಾಲ್ಕು ಕುರ್ಚಿಯ ಉದ್ಯಾನವನ್ನು ಕೊಂಡರು.

"ಸಾರ್, ಅದು ಬೇರಿಂಗಿನ ದುಡ್ಡಲ್ವಾ?" ಎಂದ ಫಿಟ್ಟರಣ್ಣ.

"ಸ್ಪರ್ಧೆ ಎದುರಿಸೋಕೆ ಕೊಟ್ಟ ದುಡ್ಡಪ್ಪ. ಎದುರಿಸಿದೆ. ಸಹಿ ಹಾಕು."

ಫಿಟ್ಟರಣ್ಣ ಸಹಿ ಹಾಕಿ ಹಣ ತೆಗೆದುಕೊಂಡ. ನೆಟ್ಟಗೆ ಪೇಟೆಗೆ ಹೋಗಿ ತಾನೇ ಒಂದು ಬೇರಿಂಗ್ ಕೊಂಡು, ಹೆಗಲ ಮೇಲೆ ಹೊತ್ತು ತಂದ. ಅಂದಿಗೆ ಎಂಬತ್ತೊಂದನೆಯ ದಿನ. ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತು ಫಲಕ ತೋರಿಸಿದ: ಹೊರಗಿನ ತಿಂಡಿ, ಪಾನೀಯ ಹಾಗೂ ಬಿಡಿಭಾಗಗಳನ್ನು ಒಳಗೆ ತರುವಂತಿಲ್ಲ.

"ಒಳಗೇ ಕೊಂಡ್ಕೋಬೇಕಣ್ಣ."

"ಒಳಗೆ ಬೇರಿಂಗ್ ಎಲ್ಲಿ ಮಾರ್ತಾರೋ?"

"ಮಾರಲ್ಲ. ಅದಕ್ಕೇ ಅಲ್ವಾ ಎಲ್ರೂ ಹೊರಗಿಂದ ತರೋದು? ಅದಕ್ಕೇ ಈ ಬೋರ್ಡು."

ಫಿಟ್ಟರಣ್ಣ ಬೇರಿಂಗನ್ನು ಮನೆಗೆ ಒಯ್ದ. ಹೆಂಡತಿ ಪಾತ್ರೆ ಕಟ್ಟತೊಡಗಿದಳು. ಅತ್ತೆ ಮಾತ್ರ, "ಹತ್ತೊಂಬತ್ತು ವರ್ಷ ಚಕ್ರ ತಿರುಗಿಸಿದ್ರಿ ಅಳಿಯಂದಿರೇ, ಒಂದು ಕಡತ ತಿರುಗಿಸೋಕೆ ಬರಲ್ವಾ?" ಎಂದರಂತೆ.

ಎಂಬತ್ತೆಂಟನೆಯ ದಿನ, ಹುದ್ದೆ ರದ್ದು ಮಾಡುವ ಮುನ್ನ ಖಚಿತಪಡಿಸಿಕೊಳ್ಳಲು, ಕೇಂದ್ರ ಕಚೇರಿ ನನಗೆ ಪತ್ರ ಬರೆಯಿತು. "ಚಕ್ರ ತಿರುಗುತ್ತಿದೆಯೇ? ವೈಜ್ಞಾನಿಕವಾಗಿ ಉತ್ತರಿಸಿ."

ನಾನು ಉತ್ತರಿಸಿದೆ: "ನೆಲಕ್ಕೆ ಹೋಲಿಸಿದರೆ ತಿರುಗುತ್ತಿಲ್ಲ. ಭೂಮಿಯೇ ತಿರುಗುವುದರಿಂದ, ಸೂರ್ಯನಿಗೆ ಹೋಲಿಸಿದರೆ ದಿನಕ್ಕೊಂದು ಸುತ್ತು ತಿರುಗುತ್ತಿದೆ."

ಎರಡನೆಯ ವಾಕ್ಯದ ಅಗತ್ಯವಿರಲಿಲ್ಲ. ವೈಜ್ಞಾನಿಕವಾಗಿ ಎಂದಿದ್ದರಿಂದ ಬರೆದೆ. ಕೇಂದ್ರ ಕಚೇರಿ ಮೊದಲನೆಯದನ್ನು ಹೊಡೆದುಹಾಕಿತು.

ಎಂಬತ್ತೊಂಬತ್ತನೆಯ ದಿನ ಸುತ್ತೋಲೆ: "ದೊಡ್ಡ ಚಕ್ರವು ದಿನಕ್ಕೊಂದು ಸುತ್ತಿನ ಸುರಕ್ಷಿತ ವೇಗದಲ್ಲಿ ತಿರುಗುತ್ತಿದ್ದು, ರಜಾದಿನಗಳಲ್ಲೂ ನಿಂತಿರುವುದಿಲ್ಲ. ಪ್ರತಿ ಗ್ರಾಹಕನಿಗೆ ಆರು ನಿಮಿಷದ ತಿರುಗಾಟ ನೀಡತಕ್ಕದ್ದು. ಮೇಲಿನ ತೊಟ್ಟಿಲುಗಳಿಗೆ ಏಣಿ ಒದಗಿಸತಕ್ಕದ್ದು. ಫಿಟ್ಟರ್ ಹುದ್ದೆ ಮುಂದುವರಿಯತಕ್ಕದ್ದು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಟಿಕೆಟ್ ಅಕ್ಕ. "ನಮ್ಮೋರು ಇನ್ನೂ ಒಂದು ಕೈ ಮೇಲೆ. ನೆಲಾನೇ ಕುಣಿಯುತ್ತೆ ಅಂತಾರೆ."

"ಸುಮ್ನಿರಕ್ಕ, ಮನೆ ಉಳೀತು," ಎಂದ ಫಿಟ್ಟರಣ್ಣ.

ಈಗ ಎಲ್ಲ ಸರಿಯಾಗಿದೆ. ನನ್ನ ಎರಡನೆಯ ಅಂಕಣ ತುಂಬುತ್ತಿದೆ. ನಾಲ್ಕು ಕುರ್ಚಿಯ ಆಟವನ್ನು ಉದ್ಯಾನದೊಳಗೆ ತಂದಿಟ್ಟು 'ದುರಸ್ತಿಯಲ್ಲಿದೆ' ಎಂಬ ಫಲಕ ಹಾಕಲಾಗಿದೆ. ಅದು ಕೆಟ್ಟಿಲ್ಲ, ಆದರೆ ತಳ್ಳಲು ಇಬ್ಬರನ್ನು ನೇಮಿಸುವಷ್ಟು ಸ್ಪರ್ಧೆ ಈಗ ಇಲ್ಲ. ಹೊಸ ಬೇರಿಂಗ್ ಫಿಟ್ಟರಣ್ಣನ ಮನೆಯಲ್ಲಿ ಬಾಗಿಲು ಬಡಿಯದಂತೆ ಒತ್ತಾಗಿ ಕೂತಿದೆ. ಅವನು ಬೆಳಿಗ್ಗೆ ಬಂದು ಚಕ್ರಕ್ಕೆ ಗ್ರೀಸ್ ಹಚ್ಚುತ್ತಾನೆ. ಜನ ಹತ್ತಿ ಕೂರುತ್ತಾರೆ, ಅವನು ಗಂಟೆ ಹೊಡೆಯುತ್ತಾನೆ. ಆರು ನಿಮಿಷ ಕಳೆದ ಮೇಲೆ ಮತ್ತೆ ಹೊಡೆಯುತ್ತಾನೆ, ಇಳಿಯುತ್ತಾರೆ. ಇಳಿದ ಪ್ರತಿ ಮೂವರಲ್ಲಿ ಒಬ್ಬರಿಗೆ ತಲೆ ಸುತ್ತುತ್ತದೆ. ಇದನ್ನು ನಾನೇ ಅಳೆದಿದ್ದೇನೆ.

ಕಳೆದ ವಾರ ಫಿಟ್ಟರಣ್ಣನೂ ಹೆಂಡತಿ ಮಕ್ಕಳನ್ನು ಕರೆತಂದು ಹತ್ತಿದ. ಗಂಟೆಯನ್ನು ಅಂದು ನಾನು ಹೊಡೆದೆ. ಇಳಿಯುವಾಗ ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತ. ಆಮೇಲೆ ಮ್ಯಾನೇಜರ ಕೋಣೆಗೆ ಹೋದ.

"ಸಾರ್, ವೇಗ ಸ್ವಲ್ಪ ಜಾಸ್ತಿ ಆಯ್ತು. ಕಮ್ಮಿ ಮಾಡಬೇಕು. ಮಕ್ಕಳು ಮರಿ ಕೂರೋ ಜಾಗ."

"ಅರ್ಜಿ ಬರೆದುಕೊಡಪ್ಪ," ಎಂದರು ಮ್ಯಾನೇಜರು. "ಮೇಲಕ್ಕೆ ಕಳಿಸ್ತೀನಿ."