ಅಕ್ಕಾರ ರೈಫಲ್ಲು, ಯಜಮಾನರ ಪಂಚೆ

ಬಂದೂಕು ಇರುವ ಕಡೆ ಜನ ಗಂಭೀರವಾಗಿರುತ್ತಾರೆ ಅಂದುಕೊಂಡವರು ದಾವಣಗೆರೆಯ ನಮ್ಮ ಶೂಟಿಂಗ್ ಕ್ಲಬ್ಬಿಗೆ ಬಂದಿಲ್ಲ ಅಂತಲೇ ಅರ್ಥ. ಪಾಯಿಂಟ್ ಟೂ ಟೂ ರೈಫಲ್ಲು, ಪಿಸ್ತೂಲುಗಳನ್ನು ಒರೆಸಿ, ಎಣ್ಣೆ ಸವರಿ ಇಡುವುದು ಅಲ್ಲಿ ನನ್ನ ಕೆಲಸ. ಸರಸ್ವತಿ ನಗರದ ಅಕ್ಕಾರು ಸೇರಿದ ಮೇಲಂತೂ ನಗುವುದೇ ಅರ್ಧ ಕೆಲಸವಾಗಿದೆ. ಬಟ್ಟೆ ವ್ಯಾಪಾರಿಯ ಹೆಂಡತಿ, ಐವತ್ತು ದಾಟಿದವರು. ತವರಿನಿಂದ ಬಂದ ಹಳೇ ರೈಫಲ್ಲಿಗೆ ತಮ್ಮ ಹೆಸರಲ್ಲೇ ಲೈಸೆನ್ಸ್ ಮಾಡಿಸಿಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ ಗುರಿ ಹಿಡಿದರೆ ನೋಡುತ್ತಲೇ ಇರಬೇಕು ಅನ್ನಿಸುತ್ತದೆ.

೧. ಹಳೇ ಪಂಚೆ

ರೈಫಲ್ಲಿನ ನಳಿಗೆ ಒರೆಸಲು ಮೆತ್ತಗಿನ ಹಳೇ ಹತ್ತಿ ಬಟ್ಟೆ ಬೇಕು ಅಂದಿದ್ದೆ. ಮರುದಿನವೇ ಅಕ್ಕಾರು ಚೌಕ ಚೌಕವಾಗಿ ಕತ್ತರಿಸಿದ ಬಟ್ಟೆಯ ರಾಶಿ ತಂದಿಟ್ಟರು. ಹಿಂದೆಯೇ ಅವರ ಯಜಮಾನರು ಪ್ಯಾಂಟಿನಲ್ಲಿ ಬಂದರು. ಅವರನ್ನು ಪ್ಯಾಂಟಿನಲ್ಲಿ ನೋಡಿದ್ದು ನಾನು ಅದೇ ಮೊದಲು.

"ನನ್ನ ಪಂಚೆ ಐತಲ್ರೀ ಇದು!"

"ಅಂಗಡಿ ತುಂಬ ಹೊಸಾವು ಅದಾವಲ್ರಿ," ಅಂದರು ಅಕ್ಕಾರು.

"ಹೊಸಾವು ಮಾರಾಕ. ಹಳೇವು ಉಡಾಕ!"

ಸಿಟ್ಟಿನಲ್ಲಿ ಅವರ ಹೊಟ್ಟೆಯೊಳಗಿನ ಸಂಕಟವೂ ಹೊರಗೆ ಬಂತು. "ಇವಳು ಬಂದೂಕು ಹಿಡಿದಾಳೆ ಅಂತ ಗೊತ್ತಾದ ಮ್ಯಾಲೆ ಗಿರಾಕಿಗಳು ಹೇಳಿದ ರೇಟು ಕೊಟ್ಟು ಹೋಗ್ತಾರ್ರಿ. ಚೌಕಾಶಿ ಇಲ್ಲದ್ದು ವ್ಯಾಪಾರನಾ? ಈ ಸಲ ರಾಜ್ಯಮಟ್ಟಕ್ಕೆ ಆಯ್ಕೆ ಆಗಲಿಲ್ಲಂದ್ರೆ ಆ ಬಂದೂಕನ್ನ ಸರಕಾರಕ್ಕೆ ಒಪ್ಪಿಸಿಬಿಡಬೇಕು, ಅಷ್ಟೇ."

"ಆಗ್ಲಿ," ಅಂದ ಅಕ್ಕಾರು ಇನ್ನೊಂದು ತುಂಡನ್ನು ಎಣ್ಣೆಗೆ ಅದ್ದಿದರು.

೨. ಗೋಡೆಗಲ್ಲ

ಪಾಯಿಂಟ್ ಟೂ ಟೂ ರೈಫಲ್ಲನ್ನು ಖಾಲಿ ಇಟ್ಟು ಟ್ರಿಗರ್ ಎಳೆದು ಅಭ್ಯಾಸ ಮಾಡಿದರೆ ಒಳಗಿನ ಪಿನ್ನು ಹೋಗಿ ನಳಿಗೆಯ ಅಂಚಿಗೇ ಕುಟ್ಟಿ ಹಾಳಾಗುತ್ತದೆ. ಅದಕ್ಕೊಂದು ಉಪಾಯವಿದೆ. ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಪ್ಲಾಸ್ಟಿಕ್ ಪ್ಲಗ್ಗನ್ನು ಗುಂಡಿನ ಜಾಗದಲ್ಲಿ ಇಟ್ಟರೆ ಪೆಟ್ಟನ್ನು ಅದು ತಿನ್ನುತ್ತದೆ. ಅದನ್ನು ತರಲು ಅಕ್ಕಾರ ಜೊತೆ ಕೆ.ಬಿ. ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಗೋಡೆ ಎಂಥದ್ರಿ, ಇಟ್ಟಿಗೀದಾ, ಸಿಮೆಂಟಿಂದಾ?" ಅಂಗಡಿಯವರು ಕೇಳಿದರು.

"ಗೋಡೆಗಲ್ರಿ, ನನ್ನ ರೈಫಲ್ಲಿಗೆ," ಅಂದರು ಅಕ್ಕಾರು, ಜೀರಿಗೆ ಕೇಳಿದಷ್ಟು ಸಲೀಸಾಗಿ.

"ಕೂಡ್ರಿ, ಕೂಡ್ರಿ ಅಕ್ಕಾರೇ!" ಕುರ್ಚಿ ಬಂತು, ಚಹಾ ಬಂತು. ನಾವು ಚಹಾ ಮುಗಿಸಿ ಏಳುವಷ್ಟರಲ್ಲಿ 'ಉದ್ರಿ ಇಲ್ಲ' ಅನ್ನುವ ಬೋರ್ಡು ಗೋಡೆ ಕಡೆ ಮುಖ ತಿರುಗಿಸಿತ್ತು.

೩. ಕೊಳೆ ಇರಲಿ

ಈ ಗುಂಡುಗಳ ಮೇಲೆ ಮೇಣದಂಥ ಜಿಡ್ಡು ಇರುತ್ತದೆ. ಹೊಡೆಯುತ್ತಾ ಹೋದಂತೆ ಅದು ನಳಿಗೆಯೊಳಗೆ ತೆಳ್ಳಗೆ ಕೂರುತ್ತದೆ, ಗುರಿಯೂ ಕೂರುತ್ತದೆ. ಅದನ್ನು ಪೂರಾ ಉಜ್ಜಿ ತೆಗೆದರೆ ಮೊದಲ ಗುಂಡುಗಳು ದಿಕ್ಕಾಪಾಲು. ಹಾಗಾಗಿ ಸ್ಪರ್ಧೆಯ ಹಿಂದಿನ ದಿನ ಒಳಗೆ ಕೈ ಹಾಕಬೇಡಿ ಅಂದೆ.

ಅಕ್ಕಾರ ಮನೆಯಲ್ಲಿ ಒಲೆ ಹಿಂದಿನ ಗೋಡೆಯಲ್ಲೂ ಮುಖ ನೋಡಿಕೊಳ್ಳಬಹುದು. "ಕೊಳೆ ಇಟ್ಕೊಂಡು ಹೆಂಗ್ರೀ ನಿದ್ದಿ ಮಾಡೋದು?" ಅಂತ ಸಂಕಟಪಟ್ಟರು. ಆದರೂ ಒಮ್ಮೆ ಒಪ್ಪಿದ ಮೇಲೆ ಕೈ ಕಟ್ಟಿ ಕೂತರು. ಅಂಥ ಹೆಣ್ಣುಮಗಳಿಗೆ ಅದು ಗುರಿ ಹೊಡೆಯುವುದಕ್ಕಿಂತ ದೊಡ್ಡ ಸಾಧನೆ ಅಂತಲೇ ನಾನು ಹೇಳುತ್ತೇನೆ. ಸಂಜೆ ಮಾತ್ರ ಫೋನ್ ಬಂತು. "ಪೆಟ್ಟಿಗಿನಾದ್ರೂ ಒರೆಸ್ಲಾ?"

೪. ಯಜಮಾನರ ಸೇವೆ

ಆಯ್ಕೆ ಸ್ಪರ್ಧೆ ಹರಿಹರದಲ್ಲಿತ್ತು. ಅಕ್ಕಾರು ಪೆಟ್ಟಿಗೆ ತೆರೆದು ನಳಿಗೆಯೊಳಗೆ ಇಣುಕಿ, ರೈಫಲ್ಲನ್ನು ನನ್ನ ಕೈಗೆ ಕೊಟ್ಟರು. ಒಳಗೆ ಕನ್ನಡಿಯಂಥ ಹೊಳಪು. ಹಿಂದೆ ಯಜಮಾನರು ನಗುತ್ತಾ ನಿಂತಿದ್ದರು.

"ನಿನ್ನೆ ಇವಳು ಪ್ಯಾಟಿಗೆ ಹೋದಾಗ ನಾನೇ ಉಜ್ಜಿದೆ. ಬಟ್ಟೆ ಬೆಳ್ಳಗೆ ಬರೋ ತನಕ ಬಿಡ್ಲಿಲ್ಲ. ಉಳಿದಿದ್ದ ಒಂದು ಹಳೇ ಪಂಚೇನೂ ಹರಿದೆ."

ಬಂದೂಕೇ ಬೇಡ ಅಂದಿದ್ದ ಮನುಷ್ಯ! ಬೈಯಲು ಬಾಯಿ ತೆರೆದೆ. ಅಕ್ಕಾರು ಕಣ್ಣಲ್ಲೇ ತಡೆದರು, ಆ ಕಣ್ಣು ಒದ್ದೆಯಾಗಿತ್ತು.

ಅಂಕ ಎಣಿಸುವ ಮೊದಲು ಗುರಿ ಸರಿಪಡಿಸಿಕೊಳ್ಳಲು ಒಂದಿಷ್ಟು ಹೊತ್ತು ಕೊಡುತ್ತಾರೆ. ಅಕ್ಕಾರ ಗುಂಡು ಒಂದು ಮೇಲೆ, ಒಂದು ಕೆಳಗೆ. ಯಜಮಾನರ ಮುಖ ಬಾಡಿತು. "ಯಾಕ? ಏನಾತು?"

"ಏನಿಲ್ಲ. ನೀವು ಸುಮ್ಕೆ ಕೂಡ್ರಿ," ಅಂದರು ಅಕ್ಕಾರು. ಎಲ್ಲರೂ ಗುಂಡು ಉಳಿಸುತ್ತಿದ್ದಾಗ ಇವರು ನಿಧಾನವಾಗಿ ಒಂದೊಂದೇ ಹೊಡೆಯುತ್ತಾ, ಗಂಡ ತೊಳೆದದ್ದನ್ನು ಕೊಳೆ ಮಾಡಿದರು. ಹೊತ್ತು ಮುಗಿಯುವ ಮುಂಚೆ ಗುಂಡುಗಳೆಲ್ಲ ಒಂದೇ ಕಡೆ ಸೇರತೊಡಗಿದವು. ಅವರು ಆಯ್ಕೆಯಾದರು, ರೈಫಲ್ಲು ಮನೆಯಲ್ಲೇ ಉಳಿಯಿತು. ನಾನು ಚಪ್ಪಾಳೆ ಹೊಡೆದು ಹೊಡೆದು ಕೈ ಕೆಂಪಾಗಿಸಿಕೊಂಡೆ.

"ನಾನು ಉಜ್ಜಿದ್ದಕ್ಕೇ ಬಂತು," ಅಂತ ಯಜಮಾನರು ಈಗಲೂ ಗಿರಾಕಿಗಳಿಗೆ ಹೇಳುತ್ತಾರೆ. ಅಕ್ಕಾರು ಒಮ್ಮೆಯೂ ಅಲ್ಲ ಅಂದಿಲ್ಲ.

ರಾಜ್ಯಮಟ್ಟದ ಸ್ಪರ್ಧೆಗೆ ಹೊರಡುವ ಹಿಂದಿನ ದಿನ ಯಜಮಾನರು ನಂದಿಗುಡಿ ಬಸ್ಸಿನಲ್ಲಿ ಸಿಕ್ಕರು, ಹೊಸ ಪಂಚೆಯಲ್ಲಿ.

"ಎಲ್ಲಿಗ್ರಿ?"

"ಮಠಕ್ಕೆ, ಬೇಡಿಕೊಂಡು ಬರಾಕ. ಅವಳೇ ಕಳಿಸಿದ್ಲು. ಕತ್ತಲಾಗೋ ತನಕ ಮನಿಗೆ ಬರಬ್ಯಾಡ್ರಿ ಅಂದಾಳೆ. ನೋಡ್ರಿ, ನನ್ನ ಕೈಗುಣದ ಮ್ಯಾಲೆ ಎಷ್ಟು ನಂಬಿಕಿ!"