ಮಾಮಾನ ತತ್ಸಮಾನ ಮೆಟ್ರಿಕ್

ನಮ್ಮ ಮಾಮಾ ಮೆಟ್ರಿಕ್ ಮುಗಿಸಿದ್ದಾನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ನಾನು ಒಂದು ಲೋಟ ನೀರು ಕುಡಿಯುತ್ತೇನೆ. ಮುಗಿಸಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಟ್ರಂಕಿನಲ್ಲಿ ಮೊಹರು ಒತ್ತಿದ ಸರ್ಟಿಫಿಕೇಟು ಇದೆ, ಕಣ್ಣಾರೆ ನೋಡಿದ್ದೇನೆ. ಮುಗಿಸಿದ್ದಾನೆ ಎಂದರೂ ಸುಳ್ಳಾಗುತ್ತದೆ. ಆ ಸರ್ಟಿಫಿಕೇಟೇ ಹಾಗೆ ಹೇಳುವುದಿಲ್ಲ!

ಮಾಮಾ ನನ್ನ ತಾಯಿಯ ಕೊನೆಯ ತಮ್ಮ. ನನಗಿಂತ ಐದೇ ವರ್ಷ ದೊಡ್ಡವನು. ನಿಜಾಮರ ಕಾಲದಲ್ಲಿ ಚಿತ್ತಾಪುರದ ಹೈಸ್ಕೂಲಿನಲ್ಲಿ ಎಲ್ಲ ಪಾಠಗಳನ್ನೂ ಉರ್ದುವಿನಲ್ಲೇ ಓದಿದ. ಹತ್ತನೆಯ ತರಗತಿಯಲ್ಲಿದ್ದಾಗ, ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಬಂತು. ರೇಖಾಗಣಿತದ ಪಾಠ ಅರ್ಧಕ್ಕೆ ನಿಲ್ಲಿಸಿ, ಎಲ್ಲರೂ ಮನೆಗೆ ಹೋಗಿ ಎಂದರಂತೆ. ಗಂಟೆ ಬಾರಿಸಬೇಕಾಗಿದ್ದ ಜವಾನ ಎಲ್ಲರಿಗಿಂತ ಮೊದಲೇ ಹೋಗಿದ್ದ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ನಮ್ಮಜ್ಜ ತೀರಿಕೊಂಡಿದ್ದರು. ಮನೆ ನಡೆಯಬೇಕಲ್ಲ? ಮಾಮಾ ದಂಡೋತಿಯ ಪ್ರಾಥಮಿಕ ಶಾಲೆಯಲ್ಲಿ ಹಂಗಾಮಿ ಮಾಸ್ತರನಾದ.

ಮಾಸ್ತರನಾಗಿ ಅವನಿಗೆ ಒಂದು ಖಯಾಲಿ. ದಿನದ ಕೊನೆಯ ಗಂಟೆಯನ್ನು ತಾನೇ ಬಾರಿಸಬೇಕು, ಬಾರಿಸದೆ ಒಬ್ಬ ಹುಡುಗನನ್ನೂ ಬಿಡಬಾರದು! ಗಂಟೆ ಎಂದರೆ ವಾಡಿ ಸ್ಟೇಶನ್ನಿನಿಂದ ಯಾರೋ ತಂದು ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡು. ಒಂದು ದಿನ ಆ ತುಂಡು ಕಾಣೆಯಾಯಿತು. ಮಾಮಾ ಹುಡುಗರನ್ನು ಬಿಡಲೇ ಇಲ್ಲ. ಸಂಜೆಯಾಗುತ್ತಲೇ ತಂದೆತಾಯಿಗಳು ಬಂದು ನಿಂತರು.

"ಮಾಸ್ತರ್, ಹೊತ್ತು ಮುಳುಗಾಕತ್ತದ, ಹುಡುಗರನ್ನ ಬಿಡ್ರಿ!"

"ಗಂಟಿ ಆಗಲಾರದ ಹೆಂಗ ಬಿಡ್ಲಿರಿ?"

ಕೊನೆಗೆ ಒಬ್ಬ ರೈತ ಹೊಲದಿಂದ ಬರುತ್ತಿದ್ದವನು ನೇಗಿಲ ಕುಳವನ್ನು ಬಿಚ್ಚಿ, ಕಲ್ಲಿನಿಂದ ನಾಲ್ಕು ಸಲ ಬಡಿದು, "ಈಗ ಆಯ್ತೇನ್ರಿ ನಿಮ್ಮ ಸಮಾಧಾನ?" ಎಂದ. ಆಯಿತು. ಹುಡುಗರು ಮನೆಗೆ ಹೋದರು. ಮಾಸ್ತರನ ತಲೆ ಸರಿ ಇಲ್ಲ ಎಂದು ಊರಿನವರು ಅಂದೇ ತೀರ್ಮಾನಿಸಿದರು. ನಾನೂ ಅದೇ ಗುಂಪಿನಲ್ಲಿದ್ದೆ.

ಹೀಗಿರುವಾಗ ಸರ್ಕಾರದ ಕಾಗದ ಬಂತು. ಹಂಗಾಮಿ ಮಾಸ್ತರರು ಮೆಟ್ರಿಕ್ 'ಅಥವಾ ತತ್ಸಮಾನ ಪರೀಕ್ಷೆ' ಪಾಸು ಮಾಡಬೇಕು. ಎರಡು ಅವಕಾಶ. ಎರಡರಲ್ಲೂ ಫೇಲಾದರೆ ನೌಕರಿ ಇಲ್ಲ. ನಮ್ಮಜ್ಜಿಗೆ ನೌಕರಿಯ ಚಿಂತೆಗಿಂತ ಮೊದಲು ಆ ಶಬ್ದದ ಚಿಂತೆ ಹತ್ತಿತು. ಮಗನನ್ನೇ ಕೇಳಿದಳು.

"ತತ್ಸಮಾನ ಅಂದ್ರ ಏನೋ ತಮ್ಮಾ?"

"ಅದರಷ್ಟೇ ಇನ್ನೊಂದು ಯವ್ವಾ. ಜ್ವಾಳದ ರೊಟ್ಟಿ ಇಲ್ಲಾಂದ್ರ ಸಜ್ಜಿ ರೊಟ್ಟಿ."

"ತಿಂದಾಂವಗ ಗೊತ್ತಾಗೂದಿಲ್ಲೇನು?"

ಅಜ್ಜಿಯ ಮಾತು ಮಾಮಾನ ಮನಸ್ಸಿಗೆ ನಾಟಿತು. ಸಜ್ಜೆ ರೊಟ್ಟಿ ಬೇಡ, ಶಾಲೆಯನ್ನೇ ಮುಗಿಸುತ್ತೇನೆ ಎಂದು ರಜೆ ಹಾಕಿ, ತಾನು ಬಿಟ್ಟಿದ್ದ ಹೈಸ್ಕೂಲಿನ ಹತ್ತನೆಯ ತರಗತಿಗೇ ಬಂದು ಕುಳಿತ. ಯಾವ ತರಗತಿ? ನಾನು ಕೂತಿದ್ದ ತರಗತಿ! ಮಾಮಾ ಅಷ್ಟು ಹೊತ್ತಿಗೆ ದೊಡ್ಡ ಮೀಸೆ ಬಿಟ್ಟಿದ್ದ. ಹೊಸ ಗಣಿತದ ಮಾಸ್ತರರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವರು ಒಳಗೆ ಬಂದವರೇ ಕೊನೆಯ ಬೆಂಚಿನತ್ತ ನೋಡಿ, "ಕುಂದ್ರಿ ಮಾಸ್ತರ್" ಎಂದರು. ಮಾಮಾ ಎದ್ದು ನಿಂತು, "ಮೊದ್ಲು ತಾವು ಕುಂದ್ರಿ" ಎಂದ. "ಏ, ತಾವು ಕುಂದ್ರಿ." "ಇಲ್ರಿ, ತಾವು." ಗಣಿತದ ತಾಸಿನಲ್ಲಿ ಹತ್ತು ನಿಮಿಷ ಇದೇ ನಡೆಯಿತು. ನಾಲ್ಕನೆಯ ದಿನ ದಂಡೋತಿಯಿಂದ ಸುದ್ದಿ ಬಂತು: ಮಾಸ್ತರ್ ಇಲ್ಲದೆ ಶಾಲೆ ಮುಚ್ಚಿದೆ, ಹುಡುಗರು ಕಾಗಿಣಾ ಹೊಳೆಯಲ್ಲಿ ಈಜುತ್ತಿದ್ದಾರೆ. ಮಾಮಾ ಪಾಟಿಚೀಲ ಎತ್ತಿಕೊಂಡು ಮಧ್ಯಾಹ್ನವೇ ಹೊರಟುಹೋದ.

ಉಳಿದದ್ದು ತತ್ಸಮಾನ. ಪರೀಕ್ಷೆ ಕನ್ನಡದಲ್ಲಿ, ಹೇಳಿಕೊಡುವವನು ನಾನು. ಕನ್ನಡ ಅವನ ಮನೆಮಾತು. ಆದರೆ ತಲೆಯೊಳಗಿನ ಶಾಲೆ ಉರ್ದುವಿನದು. ತ್ರಿಭುಜ ಎಂದರೆ ಅವನಿಗೆ ಮುಸಲ್ಲಸ್, ಕೋನ ಎಂದರೆ ಜಾವಿಯಾ. ಎರಡೂ ಒಂದೇ ಮಾಮಾ ಎಂದು ನಾನು ಹೇಳಿದರೆ, "ಒಂದೇ ಅನ್ಬ್ಯಾಡ, ತತ್ಸಮಾನ ಅನ್ನು" ಎನ್ನುತ್ತಿದ್ದ. ಯಾರು ಯಾರಿಗೆ ಕಲಿಸುತ್ತಿದ್ದೇವೆ ಎಂಬುದೇ ನನಗೆ ತಿಳಿಯದಂತಾಯಿತು.

ಬೇಸಿಗೆಯಲ್ಲಿ ಇಬ್ಬರೂ ಪರೀಕ್ಷೆ ಬರೆದೆವು. ನಾನು ಪಾಸಾದೆ. ಮಾಮಾ ಎಲ್ಲ ವಿಷಯಗಳಲ್ಲೂ ಫೇಲು! ನನಗೆ ನಂಬಿಕೆ ಬರಲಿಲ್ಲ. ಗಣಿತದಲ್ಲಿ ಅವನು ನನಗಿಂತ ಜಾಣ. ಎರಡನೆಯ ಪರೀಕ್ಷೆಗೆ ತಯಾರಿ ಶುರುವಾದಾಗ, ಹೇಗೆ ಬರೆಯುತ್ತಾನೋ ನೋಡೋಣವೆಂದು ಒಂದು ಹೊಸ ವಹಿ ಕೊಟ್ಟು ಉತ್ತರ ಬರೆಸಿದೆ. ಬರೆದು ಕೊಟ್ಟ. ತೆರೆದೆ. ಮೊದಲ ಪುಟ ಖಾಲಿ. ಎರಡನೆಯದೂ ಖಾಲಿ. ಆರು ಪುಟ ದಾಟಿದ ಮೇಲೆ ಒಂಬತ್ತನೆಯ ಪ್ರಶ್ನೆಯ ಕೊನೆಯ ಸಾಲುಗಳು, ಆಮೇಲೆ ಅದರ ಆರಂಭ, ಆಮೇಲೆ ಎಂಟನೆಯದು!

"ಮಾಮಾ, ಇದು ಎಲ್ಲಿಂದ ಶುರು?"

"ಶುರುವಿನಿಂದ," ಎಂದು ವಹಿಯನ್ನು ನನ್ನ ಕೈಯಿಂದ ಕಸಿದು, ಹಿಂದಿನ ರಟ್ಟಿನಿಂದ ತೆರೆದು ತೋರಿಸಿದ. "ನೋಡು, ಒಂದನೇ ಪ್ರಶ್ನೆ."

ವರ್ಷಗಟ್ಟಲೆ, ಬಲಗಡೆಯಿಂದ ಶುರುವಾಗುವ ಉರ್ದು ಪುಸ್ತಕ ತೆರೆದ ಕೈ ಅದು. ಸಾಲುಗಳು ಎಡದಿಂದ ಬಲಕ್ಕೆ, ಸೊಗಸಾದ ಕನ್ನಡ. ಪುಟಗಳು ಮಾತ್ರ ಕೊನೆಯಿಂದ ಮೊದಲಿಗೆ! ಮೊದಲ ಸಲ ಪರೀಕ್ಷಕರು ಖಾಲಿ ಪುಟ ನೋಡಿ ಅಲ್ಲಿಗೇ ಬಿಟ್ಟರೋ, ಉತ್ತರಗಳನ್ನು ತಿರುಗುಮುರುಗಾಗಿ ಓದಿ ತಲೆ ಕೆಡಿಸಿಕೊಂಡರೋ, ನಾನು ನೋಡಿಲ್ಲ. ನೋಡದ್ದನ್ನು ಬರೆಯಬಾರದು.

ಮಾಮಾನಿಗೆ ಗಾಬರಿಯಾಯಿತು. ಉಳಿದದ್ದು ಒಂದೇ ಅವಕಾಶ. ಹಗಲೆಲ್ಲ "ಬೆನ್ನು ಎಡಕ್ಕ, ಬೆನ್ನು ಎಡಕ್ಕ" ಎಂದು ಉರು ಹೊಡೆಯುತ್ತಿದ್ದ. ಅಂದರೆ ವಹಿಯ ಹೊಲಿಗೆ ಎಡಗಡೆ ಇರಬೇಕು. ಆದರೂ ಕೈ ತಾನಾಗಿ ಹಿಂದಿನ ರಟ್ಟಿಗೇ ಹೋಗುತ್ತಿತ್ತು. ಪರೀಕ್ಷೆಯ ದಿನ ಅಜ್ಜಿ ಅವನ ಎಡ ಮುಂಗೈಗೆ ಕೆಂಪು ದಾರ ಕಟ್ಟಿದಳು. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರಿಗೆ ಅನುಮಾನ ಬಂತಂತೆ.

"ಕೈಯಾಗ ಏನ್ರಿ ಅದು?"

"ನಮ್ಮವ್ವ ಕಟ್ಟ್ಯಾಳ್ರಿ. ಎಡಗೈ ಯಾವ್ದು ಅಂತ ನೆನಪಿರ್ಲಿ ಅಂತ."

"ಇಷ್ಟು ದೊಡ್ಡವರಿದ್ದೀರಿ, ಎಡ ಬಲ ಗೊತ್ತಿಲ್ಲೇನ್ರಿ?"

"ಎಡ ಬಲ ಗೊತ್ತದ್ರಿ. ಶುರು ಯಾವ್ದು, ಕೊನಿ ಯಾವ್ದು ಅಂಬೋದೇ ತಿಳಿವಲ್ದು."

ಮೇಲ್ವಿಚಾರಕರು ಮತ್ತೆ ಆ ಕಡೆ ಸುಳಿಯಲಿಲ್ಲ!

ಮಾಮಾ ಪಾಸಾದ. ನೌಕರಿ ಉಳಿಯಿತು. ಸರ್ಟಿಫಿಕೇಟು ಬಂದ ದಿನ ನಾನೇ ಅಜ್ಜಿಗೆ ಓದಿ ಹೇಳಿದೆ: 'ಮೆಟ್ರಿಕ್ಕಿಗೆ ತತ್ಸಮಾನ.' ಅಜ್ಜಿ ಮಾಮಾನತ್ತ ತಿರುಗಿದಳು.

"ಹಂಗಾದ್ರ ಸಾಲಿ ಮುಗೀತೇನು ತಮ್ಮಾ?"

"ಮುಗಿದಂಗ ಯವ್ವಾ."

"ಮುಗಿದಂಗ ಅಂದ್ರ? ಮುಗೀತೋ ಇಲ್ಲೋ?"

ಮಾಮಾ ಎದ್ದು ಹೊರಗೆ ಹೋದ. ಊಟದ ಹೊತ್ತಾದರೂ ಬರಲಿಲ್ಲ. ಚಿತ್ತಾಪುರದಲ್ಲೆಲ್ಲ ಹುಡುಕಿ, ಕೊನೆಗೆ ಹೈಸ್ಕೂಲಿಗೆ ಹೋದೆ. ಶಾಲೆಗೆ ರಜೆ. ಅಂಗಳದಲ್ಲಿ ನರಪಿಳ್ಳೆ ಇಲ್ಲ. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಮಾಮಾ ಕೂತಿದ್ದ. ಮುಂದೆ ಹಳೆಯ ಉರ್ದು ರೇಖಾಗಣಿತದ ಪುಸ್ತಕ, ಪೊಲೀಸ್ ಆಕ್ಷನ್ ದಿನ ಅರ್ಧಕ್ಕೆ ನಿಂತ ಪಾಠಕ್ಕೆ ತೆರೆದದ್ದು.

"ಇಲ್ಲೇನ್ ಮಾಡಾಕತ್ತಿ ಮಾಮಾ? ನಡಿ, ಊಟಕ್ಕ ಕಾಯಾಕತ್ತಾರ."

ಅವನು ತಲೆ ಎತ್ತಲಿಲ್ಲ. "ಅವತ್ತು ಗಂಟಿ ಆಗಿಲ್ಲೋ," ಎಂದ.

ದಂಡೋತಿಯ ಬೇವಿನ ಮರ, ಆ ನೇಗಿಲ ಕುಳ, ನಾವೆಲ್ಲ ನಕ್ಕಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ಹೊರಗೆ ಬಂದೆ. ಜಗುಲಿಯಲ್ಲಿ ತೂಗುತ್ತಿದ್ದ ಗಂಟೆಯ ಹತ್ತಿರ ಹೋಗಿ, ಕೊಡತಿ ಎತ್ತಿಕೊಂಡು, ಶಾಲೆ ಬಿಡುವಾಗ ಬಾರಿಸುವಂತೆ ಬಿಡದೆ ಬಾರಿಸಿದೆ.

ಒಳಗೆ ಪುಸ್ತಕ ಮುಚ್ಚಿದ ಸಪ್ಪಳ ಕೇಳಿಸಿತು. ಮಾಮಾ ನಡೆದು ಬರಲಿಲ್ಲ. ಪುಸ್ತಕವನ್ನು ಎದೆಗೆ ಅವುಚಿಕೊಂಡು, ನನ್ನ ಮುಂದಿನಿಂದಲೇ ಹಾದು, ಗೇಟಿನತ್ತ ಓಡಿದ.