ನಮ್ಮ ಮನೆಯ ಸಮಯ ಹಂಚಿಕೆ ಸಮಿತಿ

"ಇನ್ನು ನಮ್ಮ ಚಿತ್ಕಲಾಳ ಅರ್ಜಿಯನ್ನ ಯಾರೂ ತಳ್ಳಿಹಾಕೋ ಹಾಗಿಲ್ಲ," ಎಂದು ನಮ್ಮವರು ಊಟದ ಮೇಜಿನ ಮೇಲಿನ ಟವೆಲ್ ಸರಿಸಿದರು. ಅಡಿಯಲ್ಲಿ, ನನ್ನ ಹಳೆಯ ಮಿಕ್ಸಿಗೆ ಸ್ಪೀಕರ್ ಅಂಟಿಸಿದ ಯಂತ್ರವೊಂದು ಕೂತಿತ್ತು. "ಇದರ ಹೆಸರು ಸಮಿತಿ."

ಪಾಲಿಟೆಕ್ನಿಕ್ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮಾಡುವ ಯಂತ್ರಗಳ ಧೂಳು ಒರೆಸುವುದೇ ನನಗೊಂದು ಕೆಲಸ. ಆದರೂ ಈ ಸಲ ಬೇಡವೆನ್ನಲು ಮನಸ್ಸು ಬರಲಿಲ್ಲ. ಮಗಳು ಕ್ಷಯದ ರೋಗಾಣುವಿನ ಒಂದು ಪ್ರೋಟೀನನ್ನು ಹರಳುಗಟ್ಟಿಸಿದ್ದಾಳೆ. ಅದರ ರಚನೆ ಕಾಣಬೇಕಾದರೆ ಸಿಂಕ್ರೊಟ್ರಾನ್ ಎಂಬ ಭಾರೀ ಉಂಗುರದಂಥ ಯಂತ್ರದ ಪ್ರಖರ ಎಕ್ಸ್-ರೇ ಬೇಕು. ಅಲ್ಲಿ ಸಮಯ ಕೇಳಿದ ಅರ್ಜಿ, ಸಮಯ ಹಂಚುವ ಅಲ್ಲಿನ ಸಮಿತಿಯಿಂದ ಎರಡು ಸಲ ವಾಪಸಾಗಿತ್ತು. ಈ ಸಲದ ಗಡುವು ಅಂದೇ ಮಧ್ಯಾಹ್ನ. ಇದೂ ತಪ್ಪಿದರೆ ಅವಳ ಪಿಎಚ್‌ಡಿ ಅಲ್ಲಿಗೇ ನಿಲ್ಲುತ್ತಿತ್ತು.

ಅರ್ಜಿ ಓದಿ ತಪ್ಪು ಹುಡುಕುವುದಷ್ಟೇ ನಮ್ಮ ಮನೆಯ ಸಮಿತಿಯ ಕೆಲಸ. ಆದರೆ ಸಮಯ ಹಂಚುವುದನ್ನೂ ಅದು ಕಲಿಯಲೆಂದು ಇವರು ಮನೆಯ ಕರೆಂಟನ್ನೆಲ್ಲ ಅದರ ವಶಕ್ಕೆ ಕೊಟ್ಟಿದ್ದರು.

ನಾನು ಇಂಡಕ್ಷನ್ ಒಲೆಯ ಸ್ವಿಚ್ ಒತ್ತಿದೆ.

"ಉದ್ದೇಶ?" ಎಂದಿತು ಸಮಿತಿ.

"ಉಪ್ಪಿಟ್ಟು ಕಣಪ್ಪ."

"ನಿನ್ನೆಯೂ ಉಪ್ಪಿಟ್ಟು. ಹೊಸತನವಿಲ್ಲ. ತಿರಸ್ಕರಿಸಲಾಗಿದೆ."

"ನಾನೂ ಅದನ್ನೇ ಎಷ್ಟೋ ವರ್ಷದಿಂದ ಹೇಳ್ತಿದೀನಿ," ಎಂದು ನಮ್ಮವರು ನಗುತ್ತಾ ಸ್ನಾನಕ್ಕೆ ಹೋದರು. ಗೀಸರ್ ಉರಿಯಲಿಲ್ಲ.

"ಹಿಂದಿನ ಸ್ನಾನದ ವರದಿ ಬಂದಿಲ್ಲ."

"ನಿನ್ನೆ ಚೆನ್ನಾಗೇ ಮಾಡಿದ್ದೆ," ಎಂದು ಟವೆಲ್ಲಿನಲ್ಲೇ ಹೊರಬಂದು ವಾದಿಸಿದರು.

"ಪುರಾವೆ?" ಸಮಿತಿ ನನ್ನನ್ನು ಕೇಳಿತು.

"ಇಲ್ಲ," ಎಂದೆ.

ಅಷ್ಟರಲ್ಲಿ ಚಿತ್ಕಲಾ ಓಡಿಬಂದಳು. "ಅಮ್ಮಾ, ಲ್ಯಾಪ್‌ಟಾಪ್ ಆರಿಹೋಯ್ತು. ಅದರ ಬ್ಯಾಟರಿ ಸತ್ತು ವರ್ಷ ಆಯ್ತು, ಅರ್ಜಿ ಅದರೊಳಗೇ ಇದೆ. ಅಪ್ಪಾ, ಮೊದಲು ಇದನ್ನ ಕಿತ್ತುಹಾಕು."

"ಕಿತ್ತರೆ ಇಡೀ ಮನೆಗೆ ಕರೆಂಟಿಲ್ಲ ಪುಟ್ಟಿ. ಮತ್ತೆ ಜೋಡಿಸೋಕೆ ಸಂಜೆ ಆಗತ್ತೆ."

ಸಮಿತಿ ಗಂಟಲು ಸರಿಮಾಡಿಕೊಂಡಿತು. "ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಮೊದಲು ಅಮ್ಮನ ಮಧ್ಯಾಹ್ನದ ಅಡುಗೆ, ಆಮೇಲೆ ಅಪ್ಪನ ಸ್ನಾನ, ಕೊನೆಗೆ ಲ್ಯಾಪ್‌ಟಾಪ್. ಅಡುಗೆಯಿಂದ ಮೂವರಿಗೆ ಪ್ರಯೋಜನ."

"ಕ್ಷಯದಿಂದ ನರಳೋರು ಲಕ್ಷಾಂತರ ಜನ ಇದಾರೆ," ಎಂದಳು ಮಗಳು.

"ಅವರು ಈ ಮನೆಯಲ್ಲಿಲ್ಲ."

ಅರ್ಜಿ ಎರಡು ಸಲ ವಾಪಸ್ ಬಂದಾಗಲೂ ಅಳದವಳು ಈಗ ಕಣ್ಣು ಒರೆಸಿಕೊಂಡಳು. ನಾನು ತೊಳೆದ ಅಕ್ಕಿಯನ್ನು ಪಕ್ಕಕ್ಕಿಟ್ಟೆ.

"ನನ್ನ ಸರದಿ ಬಿಟ್ಟುಕೊಟ್ಟೆ."

"ಕಾರಣ?"

"ಯಾರಿಗೂ ಹಸಿವಿಲ್ಲ."

ಗೀಸರ್‌ನ ದೀಪ ಹತ್ತಿತು. ನಾನು ಇವರನ್ನೇ ನೋಡಿದೆ.

"ಹಾಗೆ ನೋಡಬೇಡ ಕಣೇ, ನಾನೂ ಬಿಟ್ಟೆ," ಎಂದರು ಟವೆಲ್ ಬಿಗಿದುಕೊಳ್ಳುತ್ತ.

ಲ್ಯಾಪ್‌ಟಾಪ್ ಎಚ್ಚರಾಯಿತು. ಗಡುವು ಮುಗಿಯುವುದಕ್ಕೆ ಇನ್ನೇನು ಸ್ವಲ್ಪವೇ ಉಳಿದಿದೆ ಎನ್ನುವಾಗ ಅರ್ಜಿ ಹೋಯಿತು. ಚಿತ್ಕಲಾ ನನ್ನ ಹೆಗಲ ಮೇಲೆ ತಲೆಯಿಟ್ಟಳು. ಅವಳ ಬೆನ್ನು ಸವರಿ, ಅಕ್ಕಿ ಪಾತ್ರೆ ಎತ್ತಿಕೊಂಡು ಒಲೆಯ ಕಡೆ ನಡೆದೆ.

"ಮಂಜೂರಾದ ಸಮಯ ಬಿಟ್ಟುಕೊಟ್ಟವರು ಅದೇ ಕೆಲಸಕ್ಕೆ ಆರು ತಿಂಗಳು ಮತ್ತೆ ಕೇಳುವಂತಿಲ್ಲ," ಎಂದಿತು ಸಮಿತಿ. "ಅಪ್ಪನಿಗೆ ಬಿಸಿನೀರಿಲ್ಲ. ಅಮ್ಮನಿಗೆ ಒಲೆಯಿಲ್ಲ. ಅಡುಗೆ ಮಾಡಲು ಉಳಿದಿಬ್ಬರು ಅರ್ಹರು."

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ನಮ್ಮವರು ಸ್ಕ್ರೂಡ್ರೈವರ್ ಹುಡುಕಲು ಓಡಿದರು. "ಈಗಲೇ ಬಿಚ್ಚಿಬಿಡ್ತೀನಿ ಕಣೇ, ರಾತ್ರಿ ಅಡುಗೆಗೆ ಸರಿಹೋಗತ್ತೆ."

ನಾನು ಕುರ್ಚಿ ಎಳೆದುಕೊಂಡು ಕಾಲು ಚಾಚಿದೆ.

"ಅವಸರ ಏನಿಲ್ಲ ರೀ. ಆರು ತಿಂಗಳು ಟೈಮಿದೆ."